ಅರವತ್ತೇ ಏಕೆ? ಕ್ಲಿನಿಕಲ್ ಸಂಶೋಧನೆ ಕಲಿಯಲು ಹೊರಟ ವೈದ್ಯರು, ದಾದಿಯರು, ಫಾರ್ಮಸಿಸ್ಟರಿಗೆ

ಪ್ರತಿಯೊಂದು ವೈದ್ಯಕೀಯ ಕಾಲೇಜಿನ ಗ್ರಂಥಾಲಯದಲ್ಲಿಯೂ ಹಳೆಯ ಸ್ನಾತಕೋತ್ತರ ಪ್ರಬಂಧಗಳನ್ನು ಪೇರಿಸಿಟ್ಟ ಕಪಾಟೊಂದು ಇರುತ್ತದೆ. ಗಟ್ಟಿ ರಟ್ಟು, ಚಿನ್ನದ ಬಣ್ಣದ ಅಕ್ಷರ, ಮೇಲೆ ಧೂಳು. ಬಿಡುವಿದ್ದಾಗ ಹತ್ತು ಪ್ರಬಂಧಗಳನ್ನು ಹೊರಗೆಳೆದು ಒಂದೇ ಒಂದು ಸಂಗತಿಯನ್ನು ನೋಡಿ: ಎಷ್ಟು ರೋಗಿಗಳನ್ನು ಅಧ್ಯಯನ ಮಾಡಿದ್ದಾರೆ? ಅರವತ್ತು, ನೂರು, ಐವತ್ತು, ಮತ್ತೆ ಅರವತ್ತು. ನನ್ನದೂ ಅರವತ್ತೇ ಆಗಿತ್ತು. ಏಕೆ ಅರವತ್ತು ಎಂದು ಮೌಖಿಕ ಪರೀಕ್ಷೆಯಲ್ಲಿ ಕೇಳಿದಾಗ ನನ್ನ ಬಳಿ ಇದ್ದ ಪ್ರಾಮಾಣಿಕ ಉತ್ತರ ‘ಹಿಂದಿನ ಬ್ಯಾಚಿನವರು ಅಷ್ಟೇ ಮಾಡಿದ್ದರು’ ಎಂಬುದು. ಅದನ್ನು ಹೇಳಲಾಗದೆ ಏನೋ ತೊದಲಿ ಹೊರಬಂದೆ.

ಈಗ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತೇನೆ. ಸಂಶೋಧನೆ ರೋಗಿಗಳಿಗೆ ನ್ಯಾಯವಾಗಿದೆಯೇ ಎಂದು ನೋಡುವ ಎಥಿಕ್ಸ್ ಕಮಿಟಿಯ ಸಭೆಗಳಲ್ಲಿ ಕುಳಿತು ಅವರ ಪ್ರೊಟೊಕಾಲ್‌ಗಳನ್ನು, ಅಂದರೆ ಅಧ್ಯಯನದ ಲಿಖಿತ ಯೋಜನೆಗಳನ್ನು, ಓದುತ್ತೇನೆ. ‘ಸರ್, ಕ್ಲಿನಿಕಲ್ ರಿಸರ್ಚ್ ಕಲಿಯಬೇಕು, ಯಾವ ಕೋರ್ಸ್ ಸೇರಲಿ?’ ಎಂದು ತಿಂಗಳಿಗೊಬ್ಬರಾದರೂ ಕೇಳುತ್ತಾರೆ. ಕೇಳುವವರಲ್ಲಿ ಎಂಬಿಬಿಎಸ್ ಮುಗಿಸಿದವರಿದ್ದಾರೆ, ಫಾರ್ಮ್ ಡಿ ಓದಿದವರಿದ್ದಾರೆ, ಹದಿನೈದು ವರ್ಷ ವಾರ್ಡಿನಲ್ಲಿ ದುಡಿದ ದಾದಿಯರಿದ್ದಾರೆ, ಆಯುರ್ವೇದ ವೈದ್ಯರೂ ದಂತವೈದ್ಯರೂ ಇದ್ದಾರೆ. ಕೋರ್ಸಿನ ಹೆಸರು ಕೊನೆಗೆ ಬರಬೇಕಾದ ಮಾತು. ಅದಕ್ಕೂ ಮೊದಲು ಮಾಡಬೇಕಾದ ಕೆಲಸಗಳನ್ನು ನಾನು ಹೇಳುವ ಕ್ರಮದಲ್ಲಿಯೇ ಬರೆಯುತ್ತೇನೆ.

ಮೊದಲು: ನಿಮಗೆ ಬೇಕಾದದ್ದು ಯಾವುದು?

ಕ್ಲಿನಿಕಲ್ ರಿಸರ್ಚ್ ಎಂಬ ಒಂದೇ ಹಲಗೆಯ ಕೆಳಗೆ ಎರಡು ಬೇರೆ ಬೇರೆ ಅಂಗಡಿಗಳಿವೆ. ಒಂದು, ಔಷಧ ಕಂಪನಿಗಳು ಮತ್ತು ಅವುಗಳ ಪರವಾಗಿ ಟ್ರಯಲ್ (ಜನರಲ್ಲಿ ಚಿಕಿತ್ಸೆಯ ಪರೀಕ್ಷೆ) ನಡೆಸಿಕೊಡುವ ಸಂಸ್ಥೆಗಳ ಉದ್ಯೋಗ: ಸ್ಟಡಿ ಕೋಆರ್ಡಿನೇಟರ್, ಮಾನಿಟರ್, ಔಷಧ ಸುರಕ್ಷತೆಯ ವಿಭಾಗ, ದತ್ತಾಂಶ ನಿರ್ವಹಣೆ. ಬೆಂಗಳೂರಿನಲ್ಲಿ ಇಂಥ ಕೆಲಸಗಳು ಸಾಕಷ್ಟಿವೆ. ಇಲ್ಲಿ ಬೇರೆಯವರು ಕೇಳಿದ ಪ್ರಶ್ನೆಗೆ, ಬೇರೆಯವರು ಬರೆದ ಪ್ರೊಟೊಕಾಲ್ ಪ್ರಕಾರ, ಚಾಚೂ ತಪ್ಪದೆ ಕೆಲಸ ಮಾಡಬೇಕು. ಇನ್ನೊಂದು, ಸ್ವಂತ ಪ್ರಶ್ನೆ ಕೇಳಿ ಉತ್ತರ ಹುಡುಕುವ ಸಂಶೋಧಕರ ದಾರಿ. ಎರಡೂ ಗೌರವದ ಕೆಲಸಗಳೇ. ಆದರೆ ಮೊದಲನೆಯದಕ್ಕೆ ಎರಡು ವರ್ಷದ ಎಂಎಸ್‌ಸಿಗಿಂತ ಆಸ್ಪತ್ರೆಯೊಂದರ ಟ್ರಯಲ್ ಘಟಕದಲ್ಲಿ ಆರು ತಿಂಗಳು ಕೋಆರ್ಡಿನೇಟರ್ ಆಗಿ ಕೆಲಸ ಮಾಡಿದ ಅನುಭವ ಹೆಚ್ಚು ಉಪಯೋಗಕ್ಕೆ ಬರುವುದನ್ನು ಕಂಡಿದ್ದೇನೆ. ಎರಡನೆಯದಕ್ಕೆ ಆರು ತಿಂಗಳ ಡಿಪ್ಲೊಮಾ ಏನೇನೂ ಸಾಲದು. ಈ ವ್ಯತ್ಯಾಸ ಗೊತ್ತಿಲ್ಲದೆ ಲಕ್ಷಗಟ್ಟಲೆ ಶುಲ್ಕ ಕಟ್ಟಿ, ‘ನೂರಕ್ಕೆ ನೂರು ಉದ್ಯೋಗ ಖಾತ್ರಿ’ ಎಂಬ ಜಾಹೀರಾತು ನಂಬಿ ಸೇರಿದವರನ್ನೂ ಕಂಡಿದ್ದೇನೆ. ಮುಂದೆ ನಾನು ಹೇಳುವುದು ಮುಖ್ಯವಾಗಿ ಎರಡನೆಯ ದಾರಿಯವರಿಗೆ.

ಹಣ ಕಟ್ಟುವ ಮುನ್ನ

ಉಚಿತವಾಗಿ ಸಿಗುವುದನ್ನು ಮೊದಲು ಮುಗಿಸಿ. ಚೆನ್ನೈನಲ್ಲಿರುವ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ರಾಷ್ಟ್ರೀಯ ಎಪಿಡೆಮಿಯಾಲಜಿ ಸಂಸ್ಥೆಯು ಜೈವಿಕ ವೈದ್ಯಕೀಯ ಸಂಶೋಧನೆಯ ಮೂಲ ಕೋರ್ಸನ್ನು ಆನ್‌ಲೈನ್‌ನಲ್ಲಿ ನಡೆಸುತ್ತದೆ. ಎಂಡಿ, ಎಂಎಸ್ ವಿದ್ಯಾರ್ಥಿಗಳಿಗೆ ಇದು ಕಡ್ಡಾಯ. ಅದೇ ಕಾರಣಕ್ಕೆ ಅನೇಕರು ವಿಡಿಯೊವನ್ನು ಓಡಲು ಬಿಟ್ಟು ಪಕ್ಕದಲ್ಲಿ ಕೇಸ್ ಶೀಟ್ ಬರೆಯುತ್ತಿರುತ್ತಾರೆ. ಹಾಗೆ ಮಾಡಬೇಡಿ. ಪಾಠಗಳು ಚಿಕ್ಕವು, ಉದಾಹರಣೆಗಳು ನಮ್ಮ ದೇಶದವು, ಪಾಠಕ್ಕೆ ಶುಲ್ಕವಿಲ್ಲ, ಪರೀಕ್ಷೆಗಷ್ಟೇ ಶುಲ್ಕ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು 1995ರಿಂದ ಕ್ಲಿನಿಕಲ್ ಸಂಶೋಧನೆಯ ತತ್ತ್ವ ಮತ್ತು ಅಭ್ಯಾಸದ ಬಗ್ಗೆ ನಡೆಸುತ್ತಿರುವ ಕೋರ್ಸ್ ಇದಕ್ಕಿಂತ ದೀರ್ಘವಾದದ್ದು. ಅದನ್ನೂ ಮನೆಯಲ್ಲಿ ಕುಳಿತೇ ಕಲಿಯಬಹುದು.

ಮೂರನೆಯದು ಜಿಸಿಪಿ (ಗುಡ್ ಕ್ಲಿನಿಕಲ್ ಪ್ರಾಕ್ಟಿಸ್), ಅಂದರೆ ಟ್ರಯಲ್ ನಡೆಸುವವರು ಪಾಲಿಸಬೇಕಾದ ಅಂತರರಾಷ್ಟ್ರೀಯ ಶಿಸ್ತು. ಇದರ ಪರಿಷ್ಕೃತ ಮಾರ್ಗಸೂಚಿ 2025ರ ಜನವರಿಯಲ್ಲಿ ಅಂತಿಮಗೊಂಡಿದೆ. ಹಳೆಯ ಪಠ್ಯವನ್ನೇ ಕಲಿಸುವ ಕಡೆ ಪ್ರಮಾಣಪತ್ರ ಪಡೆಯುವ ಮುನ್ನ ಯಾವ ಆವೃತ್ತಿ ಎಂದು ಕೇಳಿ.

ಈ ಮೂರನ್ನು ಮುಗಿಸುವಷ್ಟರಲ್ಲಿ ನಿಮಗೆ ಈ ವಿಷಯ ರುಚಿಸುತ್ತದೆಯೇ ಇಲ್ಲವೇ ಎಂಬುದು ಗೊತ್ತಾಗಿರುತ್ತದೆ. ರುಚಿಸದಿದ್ದರೆ ನಷ್ಟವೇನೂ ಇಲ್ಲ. ಔಷಧ ಕಂಪನಿಯ ಪ್ರತಿನಿಧಿ ತಂದು ತೋರಿಸುವ ಗ್ರಾಫನ್ನು ಅನುಮಾನದಿಂದ ನೋಡುವಷ್ಟಾದರೂ ಕಲಿತಿರುತ್ತೀರಿ.

ಒಂದು ಅಧ್ಯಯನವನ್ನು ಮೂಳೆ ಕಾಣುವಷ್ಟು ಓದಿ

ಹತ್ತು ಪ್ರಬಂಧಗಳ ಸಾರಾಂಶ ಓದುವುದಕ್ಕಿಂತ ಒಂದನ್ನು ಹತ್ತು ಸಲ ಓದುವುದು ಮೇಲು. ಕರ್ನಾಟಕದವರಿಗೆ ನಾನು ಕೊಡುವುದು ಹೆರಿಗೆಯ ನಂತರದ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಎಂಬ ಔಷಧದ ಮೇಲೆ ಬೆಳಗಾವಿಯಲ್ಲಿ ನಡೆದ ಅಧ್ಯಯನ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಸಂಶೋಧಕರು ಅಮೆರಿಕದ ಸಹೋದ್ಯೋಗಿಗಳ ಜೊತೆ ನಡೆಸಿದ್ದು, 2006ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಹಳ್ಳಿಗಳಲ್ಲಿ, ಮನೆಯಲ್ಲಿ ಅಥವಾ ಉಪಕೇಂದ್ರದಲ್ಲಿ ಹೆರಿಗೆ ಮಾಡಿಸುತ್ತಿದ್ದ ಎಎನ್‌ಎಂಗಳು (ಹಳ್ಳಿಯ ಆರೋಗ್ಯ ಸಹಾಯಕಿಯರು), ಮಗು ಹುಟ್ಟಿದೊಡನೆ ಅರ್ಧದಷ್ಟು ತಾಯಂದಿರಿಗೆ ಮಿಸೊಪ್ರೊಸ್ಟಾಲ್ ಮಾತ್ರೆ, ಉಳಿದವರಿಗೆ ನೋಡಲು ಅದರಂತೆಯೇ ಇರುವ, ಔಷಧವಿಲ್ಲದ ಮಾತ್ರೆ ನುಂಗಿಸಿದರು. ಯಾರಿಗೆ ಯಾವುದು ಎಂಬುದು ಕೊಟ್ಟವರಿಗೂ ಗೊತ್ತಿರಲಿಲ್ಲ. ಒಟ್ಟು 1620 ಮಹಿಳೆಯರು. ಹೆರಿಗೆಯ ನಂತರದ ಅತಿ ರಕ್ತಸ್ರಾವ ಔಷಧವಿಲ್ಲದ ಗುಂಪಿನಲ್ಲಿ ಶೇ 12, ಮಿಸೊಪ್ರೊಸ್ಟಾಲ್ ಗುಂಪಿನಲ್ಲಿ ಶೇ 6.4. ವ್ಯತ್ಯಾಸ ನೂರಕ್ಕೆ 5.6, ಅಂದರೆ ಸುಮಾರು 18 ತಾಯಂದಿರಿಗೆ ಮಾತ್ರೆ ಕೊಟ್ಟರೆ ಒಬ್ಬರ ರಕ್ತಸ್ರಾವ ತಪ್ಪುತ್ತದೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಬಳಕೆಗಾಗಿ ಮಿಸೊಪ್ರೊಸ್ಟಾಲ್ ಅನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಓದುವಾಗ ಈ ಪ್ರಶ್ನೆಗಳನ್ನು ಪಕ್ಕದಲ್ಲಿ ಬರೆದುಕೊಳ್ಳಿ. ರಕ್ತ ಎಷ್ಟು ಹೋಯಿತೆಂದು ಹೇಗೆ ಅಳೆದರು? ಕಣ್ಣಳತೆಯಲ್ಲಿ ನಾವೆಲ್ಲರೂ ಕಡಿಮೆಯೇ ಹೇಳುತ್ತೇವೆ. ಅದಕ್ಕೇ ಅವರು ಅಳತೆಯ ಗೆರೆಗಳಿದ್ದ ಪ್ಲಾಸ್ಟಿಕ್ ಚೀಲದಂಥ ಹಾಸನ್ನು ಬಳಸಿದರು. ನನ್ನ ಮಟ್ಟಿಗೆ ಇಡೀ ಅಧ್ಯಯನದ ಜಾಣತನ ಔಷಧಕ್ಕಿಂತ ಆ ಹಾಸಿನಲ್ಲಿದೆ. ಔಷಧವಿಲ್ಲದ ಮಾತ್ರೆ ಕೊಟ್ಟದ್ದು ನ್ಯಾಯವೇ? ಈ ಪ್ರಶ್ನೆಯಿಟ್ಟರೆ ನನ್ನ ತರಗತಿಯಲ್ಲಿ ಪ್ರತಿ ವರ್ಷ ಜಗಳವಾಗುತ್ತದೆ, ಆಗಲಿ. ಎಎನ್‌ಎಂಗಳ ಬದಲು ತಜ್ಞ ವೈದ್ಯರೇ ಹೆರಿಗೆ ಮಾಡಿಸಿದ್ದರೆ ಫಲಿತಾಂಶ ಹಳ್ಳಿಗೆ ಅನ್ವಯಿಸುತ್ತಿತ್ತೇ?

ಇನ್ನು ಅರವತ್ತರ ಲೆಕ್ಕ. ಇದೇ ಅಧ್ಯಯನವನ್ನು ನಮ್ಮ ವಿದ್ಯಾರ್ಥಿಯೊಬ್ಬರು ಅರವತ್ತು ತಾಯಂದಿರಲ್ಲಿ ಮಾಡುತ್ತಾರೆ ಎಂದುಕೊಳ್ಳಿ; ಗುಂಪಿಗೆ ಮೂವತ್ತು. ಶೇ 12ರಂತೆ ಒಂದು ಕಡೆ ಮೂವರು ಅಥವಾ ನಾಲ್ವರಿಗೆ, ಶೇ 6.4ರಂತೆ ಇನ್ನೊಂದು ಕಡೆ ಇಬ್ಬರಿಗೆ ರಕ್ತಸ್ರಾವ. ನಾಲ್ಕಕ್ಕೂ ಎರಡಕ್ಕೂ ಇರುವ ಅಂತರ ಬರೀ ಆಕಸ್ಮಿಕವಾಗಿಯೂ ಬರಬಹುದಾದಷ್ಟು. ವಿದ್ಯಾರ್ಥಿ ‘ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ’ ಎಂದು ಬರೆಯುತ್ತಾರೆ, ಓದಿದವರು ‘ಔಷಧ ಕೆಲಸ ಮಾಡುವುದಿಲ್ಲ’ ಎಂದು ತಿಳಿಯುತ್ತಾರೆ. ಈ ವ್ಯತ್ಯಾಸವನ್ನು ಶೇ 80ರಷ್ಟು ಭರವಸೆಯಿಂದ ಹಿಡಿಯಬೇಕಾದರೆ ವಾಡಿಕೆಯ ಸೂತ್ರದ ಪ್ರಕಾರ ಗುಂಪಿಗೆ ಸುಮಾರು 415 ಮಂದಿ ಬೇಕು. ಅಷ್ಟು ಜನರನ್ನು ಒಬ್ಬ ವಿದ್ಯಾರ್ಥಿ ತನ್ನ ಅವಧಿಯಲ್ಲಿ ಸೇರಿಸಿಕೊಳ್ಳಲಾರರು ಎನ್ನುವುದು ನಿಜ. ಹಾಗಾದರೆ ಪ್ರಶ್ನೆಯನ್ನು ಬದಲಿಸಬೇಕು, ಸಂಖ್ಯೆಯನ್ನು ಮುಚ್ಚಿಡಬಾರದು.

ಪ್ರಶ್ನೆಯನ್ನು ಕನ್ನಡದಲ್ಲಿ ಬರೆಯಿರಿ

ಯಾರಲ್ಲಿ, ಏನನ್ನು ಕೊಟ್ಟರೆ, ಯಾವುದಕ್ಕೆ ಹೋಲಿಸಿದರೆ, ಏನು ಬದಲಾಗುತ್ತದೆ, ಎಷ್ಟು ದಿನದಲ್ಲಿ? ಈ ಐದಕ್ಕೂ ಜಾಗವಿರುವ ಒಂದು ವಾಕ್ಯವನ್ನು ಕನ್ನಡದಲ್ಲಿ ಬರೆಯಿರಿ. ಇಂಗ್ಲಿಷಿನಲ್ಲಿ ಬರೆದರೆ ‘ಎ ಸ್ಟಡಿ ಆಫ್’ ಎಂದು ಶುರುವಾಗಿ ಪ್ರಶ್ನೆಯೇ ಇಲ್ಲದ ಶೀರ್ಷಿಕೆಯೊಂದು ಹುಟ್ಟುತ್ತದೆ. ಕನ್ನಡದಲ್ಲಿ ಆ ಮುಸುಕು ನಿಲ್ಲುವುದಿಲ್ಲ.

ಪ್ರಶ್ನೆ ಹುಟ್ಟುವುದು ಗ್ರಂಥಾಲಯದಲ್ಲಲ್ಲ, ಕೆಲಸದ ಕಿರಿಕಿರಿಯಲ್ಲಿ. ರಕ್ತನಾಳಕ್ಕೆ ಚುಚ್ಚಿಡುವ ಸಣ್ಣ ಕೊಳವೆಯಾದ ಕ್ಯಾನುಲಾ ಬಗ್ಗೆ ವಾರ್ಡಿನ ದಾದಿಯೊಬ್ಬರು ಒಮ್ಮೆ ಕೇಳಿದರು: ‘ಕ್ಯಾನುಲಾವನ್ನು ಮೂರು ದಿನಕ್ಕೊಮ್ಮೆ ಬದಲಿಸಿ ಅನ್ನುತ್ತಾರೆ. ಚೆನ್ನಾಗಿರುವುದನ್ನು ಕಿತ್ತು ಮತ್ತೆ ಚುಚ್ಚುವುದೇಕೆ?’ ಇದೇ ಪ್ರಶ್ನೆಯನ್ನು ಹಿಡಿದು ಹೊರದೇಶಗಳಲ್ಲಿ ಸಾವಿರಾರು ರೋಗಿಗಳ ಟ್ರಯಲ್‌ಗಳು ನಡೆದಿವೆ ಎಂದಾಗ ಅವರಿಗೆ ಆಶ್ಚರ್ಯ. ತಮ್ಮ ಅನುಮಾನ ಸಂಶೋಧನೆಗೆ ತಕ್ಕದ್ದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಈಗ ಕೋರ್ಸಿನ ಮಾತು

ಇಷ್ಟಾದ ಮೇಲೆ ಪದವಿ ಆರಿಸಿ. ಸಮುದಾಯದ ಮಟ್ಟದ ಪ್ರಶ್ನೆಗಳಿದ್ದರೆ ಎಂಪಿಎಚ್, ಅಂದರೆ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ. ಚೆನ್ನೈನ ಮೇಲೆ ಹೇಳಿದ ಸಂಸ್ಥೆಯಲ್ಲಿಯೂ ಮಣಿಪಾಲದ ಪ್ರಸನ್ನ ಸಾರ್ವಜನಿಕ ಆರೋಗ್ಯ ಶಾಲೆಯಲ್ಲಿಯೂ ಇದು ಇದೆ. ಲೆಕ್ಕದ ಕಡೆ ಒಲವಿದ್ದರೆ ಬಯೊಸ್ಟಾಟಿಸ್ಟಿಕ್ಸ್. ಈ ದೇಶದಲ್ಲಿ ಒಳ್ಳೆಯ ವೈದ್ಯಕೀಯ ಸಂಖ್ಯಾಶಾಸ್ತ್ರಜ್ಞರ ಬರವಿದೆ. ದಾದಿಯರು ಎಂಎಸ್‌ಸಿ ನರ್ಸಿಂಗ್ ನಂತರ ಭಾರತೀಯ ಶುಶ್ರೂಷಾ ಪರಿಷತ್ತು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಜೊತೆಗೂಡಿ ನಡೆಸುವ ಪಿಎಚ್‌ಡಿ ಒಕ್ಕೂಟದತ್ತ ನೋಡಬಹುದು. ಕೆಲಸ ಬಿಡಲಾಗದವರಿಗೆ ಲಂಡನ್ನಿನ ಹೈಜೀನ್ ಮತ್ತು ಟ್ರಾಪಿಕಲ್ ಮೆಡಿಸಿನ್ ಶಾಲೆಯ ದೂರಶಿಕ್ಷಣದ ಕ್ಲಿನಿಕಲ್ ಟ್ರಯಲ್ಸ್ ಎಂಎಸ್‌ಸಿ ಇದೆ. ದುಬಾರಿ, ಆದರೆ ಗಟ್ಟಿ. ಇನ್ನೂ ಪದವಿಯಲ್ಲಿರುವ ಎಂಬಿಬಿಎಸ್, ಬಿಡಿಎಸ್ ವಿದ್ಯಾರ್ಥಿಗಳು ಐಸಿಎಂಆರ್‌ನ ಅಲ್ಪಾವಧಿ ವಿದ್ಯಾರ್ಥಿವೇತನಕ್ಕೂ, ಬಿಎಎಂಎಸ್‌ನವರು ಆಯುರ್ವೇದ ಸಂಶೋಧನಾ ಮಂಡಳಿಯ ಸ್ಪಾರ್ಕ್ ಯೋಜನೆಗೂ ಅರ್ಜಿ ಹಾಕಲಿ.

ಯಾವುದೇ ಕೋರ್ಸಿಗೆ ಸೇರುವ ಮುನ್ನ ಫೋನ್ ಮಾಡಿ ನಾಲ್ಕು ವಿಷಯ ಕೇಳಿ. ನಾನೇ ಪ್ರೊಟೊಕಾಲ್ ಬರೆದು, ಅದನ್ನು ನಿಜವಾದ ಎಥಿಕ್ಸ್ ಕಮಿಟಿಯ ಮುಂದೆ ಇಡುತ್ತೇನೆಯೇ? ಸಂಖ್ಯಾಶಾಸ್ತ್ರವನ್ನು ಯಾರು ಕಲಿಸುತ್ತಾರೆ, ಅವರು ಅಲ್ಲಿ ಪೂರ್ಣಾವಧಿಗೆ ಇದ್ದಾರೆಯೇ? ಕಳೆದ ಎರಡು ಬ್ಯಾಚಿನವರ ಅಧ್ಯಯನಗಳಲ್ಲಿ ಪ್ರಕಟವಾದವು ಯಾವುವು? ಪದವಿ ಕೊಡುವ ವಿಶ್ವವಿದ್ಯಾಲಯಕ್ಕೆ ಯುಜಿಸಿ ಮಾನ್ಯತೆ ಇದೆಯೇ? ಎರಡನೆಯ ಪ್ರಶ್ನೆಗೆ ‘ಅತಿಥಿ ಉಪನ್ಯಾಸಕರು ಬರುತ್ತಾರೆ’ ಎಂಬ ಉತ್ತರ ಬಂದರೆ ಧನ್ಯವಾದ ಹೇಳಿ ಫೋನ್ ಇಟ್ಟುಬಿಡಿ.

ಗೈಡ್ ಬಗ್ಗೆ ಒಂದೇ ಮಾತು. ದೊಡ್ಡ ಹೆಸರಿನವರಿಗಿಂತ, ನೀವು ಕಳಿಸಿದ ಕರಡನ್ನು ಎರಡು ವಾರದಲ್ಲಿ ಕೆಂಪು ಶಾಯಿ ಹಚ್ಚಿ ಹಿಂದಿರುಗಿಸುವವರು ಬೇಕು. ಅದನ್ನು ತಿಳಿಯಲು ಅವರ ಹಿಂದಿನ ವಿದ್ಯಾರ್ಥಿಗಳ ಜೊತೆ ಕ್ಯಾಂಟೀನಿನಲ್ಲಿ ಒಂದು ಕಾಫಿ ಸಾಕು.

ಒಪ್ಪಿಗೆ ಪತ್ರ: ಇಲ್ಲಿ ಆತುರ ಬೇಡ

ಎಥಿಕ್ಸ್ ಕಮಿಟಿಯಲ್ಲಿ ಕನಿಷ್ಠ ಏಳು ಮಂದಿ ಇರಬೇಕು, ಅರ್ಧದಷ್ಟಾದರೂ ಸಂಸ್ಥೆಯ ಹೊರಗಿನವರಾಗಿರಬೇಕು. ಒಬ್ಬ ಕಾನೂನು ತಿಳಿದವರು, ಒಬ್ಬ ಸಾಮಾನ್ಯ ನಾಗರಿಕರು, ಒಬ್ಬರಾದರೂ ಮಹಿಳೆ ಇರಲೇಬೇಕು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಹೇಳುವುದಿಷ್ಟು. ನಮ್ಮ ಸಮಿತಿಯಲ್ಲಿ ವಿದ್ಯಾರ್ಥಿಗಳು ಹೆದರುವುದು ಪ್ರೊಫೆಸರುಗಳಿಗೆ. ಆದರೆ ಅವರನ್ನು ನಿಜವಾಗಿ ತಡೆದು ನಿಲ್ಲಿಸುವವರು ಸಾಮಾನ್ಯ ನಾಗರಿಕರಾಗಿ ಬರುವ ನಿವೃತ್ತ ಶಾಲಾ ಮಾಸ್ತರರು. ಅವರು ಇಂಗ್ಲಿಷ್ ಪ್ರೊಟೊಕಾಲನ್ನು ಪಕ್ಕಕ್ಕಿಟ್ಟು ಕನ್ನಡದ ಒಪ್ಪಿಗೆ ಪತ್ರವನ್ನು ಜೋರಾಗಿ ಓದಿಸುತ್ತಾರೆ.

ಓದಿಸಿದಾಗ ಹೀಗಿರುತ್ತದೆ: ‘ತಮ್ಮನ್ನು ಯಾದೃಚ್ಛಿಕವಾಗಿ ಎರಡು ಸಮೂಹಗಳಲ್ಲಿ ಒಂದಕ್ಕೆ ನಿಯೋಜಿಸಲಾಗುವುದು.’ ವಿದ್ಯಾರ್ಥಿಗೇ ಅರ್ಥವಾಗಿಲ್ಲ, ರೋಗಿಗೆ ಹೇಗಾದೀತು? ಅದನ್ನು ಹೀಗೆ ಬರೆಯಬಹುದು: ‘ಎರಡು ಔಷಧಗಳಲ್ಲಿ ನಿಮಗೆ ಯಾವುದು ಸಿಗುತ್ತದೆ ಎಂಬುದನ್ನು ವೈದ್ಯರು ಆರಿಸುವುದಿಲ್ಲ, ನೀವೂ ಆರಿಸುವಂತಿಲ್ಲ. ಚೀಟಿ ಎತ್ತಿದ ಹಾಗೆ ಅದು ನಿರ್ಧಾರವಾಗುತ್ತದೆ.’ 5 ಮಿಲಿಲೀಟರ್ ರಕ್ತ ಎನ್ನುವ ಬದಲು ‘ಒಂದು ಸಣ್ಣ ಚಮಚದಷ್ಟು’ ಎನ್ನಿ. ಇಲ್ಲವಾದರೆ ಬಾಟಲಿ ತುಂಬ ತೆಗೆಯುತ್ತಾರೆಂದು ಹೆದರಿ ಎದ್ದು ಹೋಗುತ್ತಾರೆ. ಪ್ರಯೋಗ ಎಂಬ ಪದ ಕೇಳಿದರೆ ‘ನಮ್ಮ ಮೇಲೆ ಪ್ರಯೋಗ ಮಾಡುತ್ತೀರಾ?’ ಎಂದು ಕೇಳುತ್ತಾರೆಂದು ಎಲ್ಲರೂ ಅಧ್ಯಯನ ಎಂದು ಬರೆಯುತ್ತಾರೆ. ಅಧ್ಯಯನ ಎಂದೇ ಬರೆಯಿರಿ, ಆದರೆ ‘ಈ ಔಷಧ ಹೆಚ್ಚು ಒಳ್ಳೆಯದೋ ಅಲ್ಲವೋ ಎಂಬುದು ನಮಗೆ ಇನ್ನೂ ಗೊತ್ತಿಲ್ಲ’ ಎಂಬ ವಾಕ್ಯ ಅದರ ಬೆನ್ನಿಗೇ ಇರಲಿ. ಹಿತವಾದ ಪದದ ಹಿಂದೆ ಸತ್ಯವನ್ನು ಅಡಗಿಸಿದರೆ ಅದು ಒಪ್ಪಿಗೆಯಾಗುವುದಿಲ್ಲ.

ಪತ್ರ ಸಿದ್ಧವಾದ ಮೇಲೆ ನಿಮ್ಮ ವಿಭಾಗಕ್ಕೆ ಸಂಬಂಧವಿಲ್ಲದ ಒಬ್ಬರಿಗೆ, ಉದಾಹರಣೆಗೆ ಆಸ್ಪತ್ರೆಯ ಕಾವಲುಗಾರರಿಗೆ, ಓದಿ ಹೇಳಿ. ಆಮೇಲೆ ‘ಏನು ತಿಳಿಯಿತು, ನೀವೇ ಹೇಳಿ’ ಎಂದು ಕೇಳಿ. ಅವರು ತಪ್ಪಾಗಿ ಹೇಳಿದ ಕಡೆಯೆಲ್ಲ ತಪ್ಪು ನಿಮ್ಮ ವಾಕ್ಯದ್ದು. ಕಲಬುರಗಿಯಲ್ಲಿ ಉರ್ದು, ಬೆಳಗಾವಿಯಲ್ಲಿ ಮರಾಠಿ ಪತ್ರಗಳೂ ಬೇಕಾಗುತ್ತವೆ. ಓದಲು ಬಾರದವರಾದರೆ ಹೆಬ್ಬೆಟ್ಟಿನ ಗುರುತಿನ ಜೊತೆಗೆ, ಅಧ್ಯಯನಕ್ಕೆ ಸಂಬಂಧವಿಲ್ಲದ ಒಬ್ಬ ಸಾಕ್ಷಿ ಪೂರ್ತಿ ಮಾತುಕತೆಯಲ್ಲಿ ಹಾಜರಿದ್ದು ಸಹಿ ಹಾಕಬೇಕು. ವಾರ್ಡಿನ ದಾದಿಯನ್ನು ಕೊನೆಯ ನಿಮಿಷಕ್ಕೆ ಕರೆದು ಸಹಿ ಹಾಕಿಸುವುದು ಸಾಕ್ಷ್ಯವಲ್ಲ.

ಇಷ್ಟೇಕೆ ಒತ್ತಿ ಹೇಳುತ್ತೇನೆಂದರೆ, 2009 ಮತ್ತು 2010ರಲ್ಲಿ ಆಗಿನ ಆಂಧ್ರಪ್ರದೇಶ ಮತ್ತು ಗುಜರಾತಿನಲ್ಲಿ ನಡೆದ, ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಯೋಜನೆಯಲ್ಲಿ ಅನೇಕ ಬಾಲಕಿಯರ ಪರವಾಗಿ ಹಾಸ್ಟೆಲ್ ವಾರ್ಡನ್‌ಗಳು ಒಪ್ಪಿಗೆಗೆ ಸಹಿ ಹಾಕಿದ್ದರು. ಸಂಸದೀಯ ಸಮಿತಿಯ 2013ರ ವರದಿ ಅದನ್ನು ಕಟುವಾಗಿ ಟೀಕಿಸಿತು. ಲಸಿಕೆ ಒಳ್ಳೆಯದೇ ಆಗಿತ್ತು. ಒಪ್ಪಿಗೆ ಪಡೆದ ರೀತಿಯಿಂದಾಗಿ ಅದರ ಹೆಸರಿಗೂ ವರ್ಷಗಟ್ಟಲೆ ಮಸಿ ಅಂಟಿತು.

ನೋಂದಣಿ ಮತ್ತು ದತ್ತಾಂಶ

ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ, ಅಂದರೆ ಸಿಟಿಆರ್‌ಐ, 2007ರಲ್ಲಿ ಶುರುವಾಯಿತು. 2018ರ ಏಪ್ರಿಲ್ 1ರಿಂದ ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುನ್ನವೇ ನೋಂದಾಯಿಸಬೇಕು. ಆಮೇಲೆ ಹೋದರೆ ತೆಗೆದುಕೊಳ್ಳುವುದಿಲ್ಲ. ಶುಲ್ಕವಿಲ್ಲ. ಅವರು ಪ್ರಶ್ನೆ ಕೇಳಿ ನೀವು ಉತ್ತರಿಸುವಷ್ಟರಲ್ಲಿ ಕೆಲವು ವಾರ ಹೋಗುತ್ತದೆ; ಆ ಸಮಯವನ್ನು ಲೆಕ್ಕಕ್ಕೆ ಹಿಡಿದಿರಿ. ಔಷಧದ ಟ್ರಯಲ್‌ನಲ್ಲಿ ರೋಗಿಗೆ ಗಂಭೀರ ತೊಂದರೆಯಾದರೆ 24 ಗಂಟೆಯೊಳಗೆ ವರದಿ ಮಾಡಬೇಕು ಎಂಬುದನ್ನು ಮೊದಲ ದಿನವೇ ಬರೆದು ಗೋಡೆಗೆ ಅಂಟಿಸಿ.

ದತ್ತಾಂಶಕ್ಕೆ ಎಕ್ಸೆಲ್ ಬಳಸುವುದಾದರೆ ಒಂದು ಸಾಲಿಗೆ ಒಬ್ಬ ರೋಗಿ, ಒಂದು ಕಂಬಕ್ಕೆ (ಕಾಲಂ) ಒಂದೇ ಮಾಹಿತಿ. ರಕ್ತದೊತ್ತಡವನ್ನು 130/80 ಎಂದು ಒಂದೇ ಕೋಶದಲ್ಲಿ ತುಂಬಿದರೆ ಮುಂದೆ ಅಳುವವರು ನೀವೇ. ಹೆಸರು, ಫೋನ್ ಸಂಖ್ಯೆ ಆ ಹಾಳೆಯಲ್ಲಿ ಬೇಡ. ವಿಶ್ಲೇಷಣೆಗೆ ಆರ್ (R) ಎಂಬ ತಂತ್ರಾಂಶ ಉಚಿತ. ಕಳ್ಳ ಪ್ರತಿಯ ತಂತ್ರಾಂಶದಲ್ಲಿ ಲೆಕ್ಕ ಮಾಡಿ ಅದರ ಹೆಸರನ್ನೇ ಪ್ರಬಂಧದಲ್ಲಿ ಬರೆದುಕೊಳ್ಳುವ ಪದ್ಧತಿ ಇನ್ನಾದರೂ ನಿಲ್ಲಲಿ.

ಸಂಖ್ಯಾಶಾಸ್ತ್ರಜ್ಞರ ಬಳಿ ಮೊದಲೇ ಹೋಗಿ. ದತ್ತಾಂಶವೆಲ್ಲ ಸೇರಿದ ಮೇಲೆ ಪೆನ್‌ಡ್ರೈವ್ ಹಿಡಿದು ‘ಪಿ ಮೌಲ್ಯ ಹಾಕಿಕೊಡಿ’ (ಇಷ್ಟು ಅಂತರ ಬರೀ ಆಕಸ್ಮಿಕವಾಗಿ ಬರುವ ಸಾಧ್ಯತೆ ಎಷ್ಟೆಂಬ ಲೆಕ್ಕ) ಎಂದು ಹೋಗುವುದು, ಅಡುಗೆ ಸೀದ ಮೇಲೆ ಉಪ್ಪು ಕೇಳಿದ ಹಾಗೆ.

ಮುಗಿದ ಮೇಲೆ

ಫಲಿತಾಂಶ ನೀವು ಬಯಸಿದಂತೆ ಬರದಿದ್ದರೂ ಪ್ರಕಟಿಸಿ. ‘ಪ್ರಿಯ ಗೌರವಾನ್ವಿತ ಸಂಶೋಧಕರೇ’ ಎಂದು ಹೊಗಳಿ, ಮೂರು ದಿನದಲ್ಲಿ ಪ್ರಕಟಿಸುವುದಾಗಿ ಹಣ ಕೇಳುವ ಪತ್ರಿಕೆಗಳಿಂದ ದೂರವಿರಿ. ಯಾರ ಹೆಸರು ಎಲ್ಲಿ ಬರಬೇಕು ಎಂಬುದನ್ನು ಪ್ರೊಟೊಕಾಲ್ ಬರೆಯುವ ದಿನವೇ ಮಾತಾಡಿ ಇಮೇಲ್‌ನಲ್ಲಿ ದಾಖಲಿಸಿಕೊಳ್ಳಿ; ವಿಭಾಗದ ಮುಖ್ಯಸ್ಥರೆಂಬ ಒಂದೇ ಕಾರಣಕ್ಕೆ ಯಾರೂ ಲೇಖಕರಾಗುವುದಿಲ್ಲ, ಆದರೂ ಆಗುತ್ತಿದ್ದಾರೆ. ರಕ್ತ ತೆಗೆದು, ಮಾದರಿ ಕಾಪಾಡಿ, ರೋಗಿಗಳಿಗೆ ಫೋನ್ ಮಾಡಿ ಕರೆಸಿದ ದಾದಿ ಮತ್ತು ತಂತ್ರಜ್ಞರಿಗೆ ಕೃತಜ್ಞತೆಯ ಪುಟದಲ್ಲಿ ಹೆಸರು ಹಿಡಿದು ಜಾಗ ಕೊಡಿ.

ಸಿಟಿಆರ್‌ಐ ತಾಣದಲ್ಲಿ ನಿಮ್ಮ ಅಧ್ಯಯನದ ಸ್ಥಿತಿಯನ್ನು ‘ಪೂರ್ಣ’ ಎಂದು ಬದಲಿಸುವುದು ಕೊನೆಯ ಕೆಲಸ. ಪರೀಕ್ಷೆ ಮುಗಿದು ಊರು ಬಿಟ್ಟವರು ಇದನ್ನು ಮರೆಯುತ್ತಾರೆ, ಆ ಅಧ್ಯಯನ ವರ್ಷಗಟ್ಟಲೆ ‘ಇನ್ನೂ ಆರಂಭವಾಗಿಲ್ಲ’ ಎಂದೇ ಕುಳಿತಿರುತ್ತದೆ. ಹೋಗುವ ಮುನ್ನ ಅದನ್ನು ಬದಲಿಸಿ, ಲಾಗಿನ್ ವಿವರವನ್ನು ಗೈಡ್ ಕೈಗೆ ಕೊಟ್ಟು ಹೋಗಿ.